ಕಛೇರಿಯೇ ಕಸುಬಾದಾಗ: ಕ್ಲಾರಾ ಶೂಮನ್ ಮತ್ತು ಪಿಯಾನೊ ವಾದಕರ ವೃತ್ತಿ

ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಛೇರಿಯ ರೀತಿ ಇಂದು ಯಾವ ದೇಶದ ಸಭಾಂಗಣಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ. ವೇದಿಕೆಯ ಮೇಲೆ ಒಂದು ದೊಡ್ಡ ಪಿಯಾನೊ, ಅದರ ಮುಂದೆ ಒಬ್ಬರೇ ಕಲಾವಿದರು. ಎದುರಿಗೆ ಸ್ವರಲಿಪಿಯ ಪುಸ್ತಕವಿರುವುದಿಲ್ಲ, ಎಲ್ಲವೂ ನೆನಪಿನಿಂದಲೇ ಬರಬೇಕು. ನುಡಿಸುವುದು ಬಹುಪಾಲು ತೀರಿಹೋದವರ ಕೃತಿಗಳನ್ನು: ಬಾಖ್, ಬೀಥೋವನ್, ಶೋಪಾನ್, ಶೂಮನ್, ಬ್ರಾಮ್ಸ್. ಈ ಕಲಾವಿದರು ವರ್ಷದ ಅರ್ಧಭಾಗ ಊರಿಂದೂರಿಗೆ ತಿರುಗುತ್ತಾರೆ, ಉಳಿದರ್ಧ ಸಾಧನೆ ಮಾಡುತ್ತಾರೆ, ನಡುವೆ ಯಾವುದಾದರೂ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತಾರೆ. ಇದೆಲ್ಲ ಆ ಸಂಗೀತದ ಸ್ವಭಾವದಿಂದಲೇ ಬಂದದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ 1830ರಲ್ಲಿ ಇವುಗಳಲ್ಲಿ ಒಂದೂ ರೂಢಿಯಾಗಿರಲಿಲ್ಲ. 1890ರ ಹೊತ್ತಿಗೆ ಎಲ್ಲವೂ ರೂಢಿಯಾಗಿದ್ದವು. ಆ 60 ವರ್ಷಗಳನ್ನು ಆರಂಭದಿಂದ ಕೊನೆಯವರೆಗೆ ವೇದಿಕೆಯ ಮೇಲೆಯೇ ಕಳೆದವರು ಕ್ಲಾರಾ ಶೂಮನ್. ಪಿಯಾನೊ ವಾದನವನ್ನು ಇಂದು ನಾವು ಕಾಣುವ ವೃತ್ತಿಯಾಗಿ ಕಟ್ಟುವುದರಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಅವರದು. ಅದನ್ನು ಅವರು ಒಂದು ಸಿದ್ಧಾಂತಕ್ಕಾಗಿ ಕಟ್ಟಲಿಲ್ಲ, ಮನೆ ನಡೆಸಬೇಕಾಗಿತ್ತು ಎಂಬ ಕಾರಣಕ್ಕೆ ಕಟ್ಟಿದರು. ಆ ಒತ್ತಡದ ಗುರುತು ಈ ಕಸುಬಿನ ಮೇಲೆ ಇಂದಿಗೂ ಉಳಿದಿದೆ.

ಕ್ಲಾರಾ ಹುಟ್ಟಿದ್ದು 1819ರ ಸೆಪ್ಟೆಂಬರ್ 13ರಂದು, ಲೈಪ್‌ಜಿಗ್‌ನಲ್ಲಿ. ತಂದೆ ಫ್ರೀಡ್ರಿಷ್ ವೀಕ್ ಪಿಯಾನೊ ಕಲಿಸುವವರು ಮಾತ್ರವಲ್ಲ, ಪಿಯಾನೊ ಮಾರುವ ಅಂಗಡಿಯನ್ನೂ ಸ್ವರಪುಸ್ತಕಗಳನ್ನು ಎರವಲು ಕೊಡುವ ಗ್ರಂಥಾಲಯವನ್ನೂ ನಡೆಸುತ್ತಿದ್ದ ವ್ಯಾಪಾರಿ. ತಾಯಿ ಮರಿಯಾನೆ ಗಾಯಕಿ, ಪಿಯಾನೊ ವಾದಕಿ. ದಂಪತಿ ಬೇರೆಯಾದಾಗ ಸ್ಯಾಕ್ಸನಿಯ ಕಾನೂನಿನ ಪ್ರಕಾರ ಮಗು ತಂದೆಯ ಪಾಲಾಯಿತು. ಮುಂದೆ ಹುಡುಗಿಯ ದಿನಚರಿಯನ್ನು ತಂದೆಯೇ ಅವಳ ಹೆಸರಿನಲ್ಲಿ ಬರೆಯುತ್ತಿದ್ದರು. 'ನಾನು' ಎಂದು ಶುರುವಾಗುವ ವಾಕ್ಯಗಳು ತಂದೆಯ ಕೈಬರಹದಲ್ಲಿವೆ. ಮಗಳು ಅವರಿಗೆ ಮಗಳೂ ಹೌದು, ಅವರ ಬೋಧನಾ ಕ್ರಮಕ್ಕೆ ಜೀವಂತ ಜಾಹೀರಾತೂ ಹೌದು. 1830ರ ನವೆಂಬರ್ 8ರಂದು ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ 11 ವರ್ಷದ ಹುಡುಗಿ ಸ್ವತಂತ್ರ ಕಛೇರಿ ಕೊಟ್ಟಳು. ನುಡಿಸಿದ್ದು ಕಾಲ್ಕ್‌ಬ್ರೆನರ್ ಮತ್ತು ಹೆರ್ಟ್ಸ್ ಅವರ ಬೆರಳ ಚಳಕದ ಕೃತಿಗಳು, ಜೊತೆಗೆ ತನ್ನದೇ ಒಂದು ರಚನೆ. ಆ ಕಾಲದ ಕಛೇರಿ ಎಂದರೆ ಹಾಡುಗಾರರು, ಪಿಟೀಲು, ಆರ್ಕೆಸ್ಟ್ರಾ ಎಲ್ಲ ಬೆರೆತ ಕಾರ್ಯಕ್ರಮ. ಪಿಯಾನೊ ನುಡಿಸುವವರು ಆಗ ಜನಪ್ರಿಯವಾಗಿದ್ದ ಒಪೆರಾ ರಾಗಗಳ ಮೇಲೆ ತಾವೇ ಬರೆದ ವಿಸ್ತಾರಗಳನ್ನು ನುಡಿಸಬೇಕೆಂಬ ನಿರೀಕ್ಷೆಯಿತ್ತು. ಇಂದಿನಂತೆ ಏಜೆಂಟರೂ ಇರಲಿಲ್ಲ. ಸಭಾಂಗಣ ಗೊತ್ತು ಮಾಡುವುದು, ಪೊಲೀಸರ ಅನುಮತಿ, ಟಿಕೆಟು ಅಚ್ಚು, ಜೊತೆಗಾರರನ್ನು ಒಪ್ಪಿಸುವುದು, ಒಳ್ಳೆಯ ವಾದ್ಯ ಹುಡುಕುವುದು, ಅದರ ಶ್ರುತಿ ನೋಡುವುದು, ಎಲ್ಲವನ್ನೂ ಕಲಾವಿದರ ಮನೆಯವರೇ ಮಾಡಿಕೊಳ್ಳಬೇಕು. ವೀಕ್ ಇದರಲ್ಲಿ ಪಳಗಿದವರು. ಆದರೂ 1832ರಲ್ಲಿ ಮಗಳನ್ನು ಪ್ಯಾರಿಸ್ಸಿಗೆ ಕರೆದೊಯ್ದಾಗ ಕಾಲರಾ ಹರಡಿ ಉಳ್ಳವರೆಲ್ಲ ನಗರ ಬಿಟ್ಟು ಓಡಿದರು, ದೊಡ್ಡ ಕಛೇರಿಯ ಯೋಜನೆ ಕುಸಿಯಿತು. ಈ ಕಸುಬಿನಲ್ಲಿ ಪ್ರತಿಭೆಯಷ್ಟೇ ಲೆಕ್ಕಾಚಾರವೂ ಅದೃಷ್ಟವೂ ಬೇಕೆಂಬುದನ್ನು ಕ್ಲಾರಾ ಹದಿಮೂರು ತುಂಬುವ ಮೊದಲೇ ಕಂಡಿದ್ದರು.

ಕಛೇರಿಯಲ್ಲಿ ಏನನ್ನು ನುಡಿಸಬೇಕು ಎಂಬ ವಿಷಯದಲ್ಲಿ ತಿರುವು ಕಾಣುವುದು 1837-38ರ ಚಳಿಗಾಲದ ವಿಯೆನ್ನಾದಲ್ಲಿ. ಅಲ್ಲಿ ಕ್ಲಾರಾ ಬೀಥೋವನ್‌ರ 'ಅಪಾಸಿಯೊನಾಟಾ' ಸೊನಾಟಾವನ್ನು ಸಾರ್ವಜನಿಕ ವೇದಿಕೆಯಲ್ಲಿ ನುಡಿಸಿದರು. ಬೀಥೋವನ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಸೊನಾಟಾಗಳು ಮನೆಗಳ ದಿವಾನಖಾನೆಗಳಲ್ಲಿ ಆಸಕ್ತರ ನಡುವೆ ನುಡಿಯುತ್ತಿದ್ದವೇ ಹೊರತು ಟಿಕೆಟು ಕೊಂಡು ಬಂದವರ ಮುಂದಿಡುವ ಸರಕಾಗಿರಲಿಲ್ಲ. ನಾಟಕಕಾರ ಗ್ರಿಲ್‌ಪಾರ್ಟ್ಸರ್ ಆ ವಾದನದ ಮೇಲೆ ಕವಿತೆ ಬರೆದರು. 1838ರ ಮಾರ್ಚಿನಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆಕೆಗೆ ಆಸ್ಥಾನ ವಾದಕಿಯ ಬಿರುದು ಕೊಟ್ಟರು. ಪರದೇಶದ, ಪ್ರಾಟೆಸ್ಟಂಟ್ ಮತದ 18ರ ಹುಡುಗಿಗೆ ಅಂಥ ಗೌರವ ಸಿಕ್ಕಿದ್ದು ಸಣ್ಣ ಮಾತಲ್ಲ. ನೆನಪಿನಿಂದ ನುಡಿಸುವ ಪದ್ಧತಿಗೆ ಮಾತ್ರ ಎಲ್ಲರ ಒಪ್ಪಿಗೆ ಇರಲಿಲ್ಲ. ಬರ್ಲಿನ್ನಿನ ಲೇಖಕಿ ಬೆಟಿನಾ ಫಾನ್ ಆರ್ನಿಮ್ ಅದನ್ನು ಒಣ ಜಂಬವೆಂದು ಜರೆದರು. ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಸ್ವಂತ ರಚನೆಯನ್ನು ಪುಸ್ತಕವಿಲ್ಲದೆ ನುಡಿಸಿದರೆ ಅದು ಸಹಜ. ಬೀಥೋವನ್‌ರದನ್ನು ಹಾಗೆ ನುಡಿಸಿದರೆ, ಇದು ನಾನೇ ಈಗ ಕಟ್ಟುತ್ತಿರುವುದು ಎಂದು ತೋರಿಸಿಕೊಂಡಂತೆ ಅಂದಿನವರಿಗೆ ಕಾಣುತ್ತಿತ್ತು. ಆದರೆ ಕ್ಲಾರಾ ಅವರ ಮುಂದಿನ ನಡೆಯನ್ನು ನೋಡಿದರೆ ಉದ್ದೇಶ ಇದಕ್ಕೆ ತದ್ವಿರುದ್ಧವಾಗಿತ್ತು ಎನ್ನಬೇಕಾಗುತ್ತದೆ. ಬರೆದದ್ದನ್ನು ಬರೆದಂತೆಯೇ, ಅಲಂಕಾರ ಸೇರಿಸದೆ ನುಡಿಸಬೇಕೆಂಬ ಶಿಸ್ತಿಗೆ ಅವರು ಹೆಸರಾದರು. ಕೃತಿಯನ್ನು ಪೂರ್ತಿ ಒಳಗಿಟ್ಟುಕೊಳ್ಳುವುದು ಆ ಶಿಸ್ತಿನ ಒಂದು ಭಾಗವೇ ಆಗಿತ್ತು.

ಇಲ್ಲಿ ಏಳುವ ದೊಡ್ಡ ಆಕ್ಷೇಪಣೆಯ ಹೆಸರು ಪಿಯಾನೊ ವಾದಕ ಫ್ರಾಂಜ್ ಲಿಸ್ಟ್. 1839ರಲ್ಲಿ ರೋಮ್‌ನಲ್ಲಿ ಜೊತೆಗಾರರಿಲ್ಲದೆ ತಾವೊಬ್ಬರೇ ಇಡೀ ಕಛೇರಿ ನಡೆಸಿದವರು ಲಿಸ್ಟ್. 1840ರ ಜೂನ್‌ನಲ್ಲಿ ಲಂಡನ್ನಿನ ಹ್ಯಾನೋವರ್ ಸ್ಕ್ವೇರ್ ಸಭಾಂಗಣದ ಜಾಹೀರಾತಿನಲ್ಲಿ ಅದಕ್ಕೆ 'ರಿಸೈಟಲ್' ಎಂಬ ಹೆಸರು ಕೊಟ್ಟವರೂ ಅವರೇ. ಅವರೂ ನೆನಪಿನಿಂದ ನುಡಿಸುತ್ತಿದ್ದರು, ಅವರೂ ಬೀಥೋವನ್‌ರನ್ನು ವೇದಿಕೆಗೆ ತಂದರು. ಹೀಗಿರುವಾಗ ಈ ವೃತ್ತಿಯ ಮೂಲಪುರುಷರು ಅವರಲ್ಲವೇ? ಈ ವಾದಕ್ಕೆ ಬಲ ಕೊಡುವ ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು: ಕ್ಲಾರಾ ತಮ್ಮ ವೃತ್ತಿಜೀವನದ ಬಹುಭಾಗ ಹಳೆಯ ಪದ್ಧತಿಯಂತೆ ಗಾಯಕರನ್ನೂ ಇತರ ವಾದಕರನ್ನೂ ಜೊತೆಗಿಟ್ಟುಕೊಂಡೇ ಕಛೇರಿ ಕೊಟ್ಟರು. ಒಂಟಿ ಕಛೇರಿಯ ಕಲ್ಪನೆ ಲಿಸ್ಟರದು ಎಂಬುದನ್ನು ಒಪ್ಪಲೇಬೇಕು. ಆದರೆ ಕಲ್ಪನೆ ಬೇರೆ, ಕಸುಬು ಬೇರೆ. ಲಿಸ್ಟ್ 1847ರಲ್ಲಿ, 35ನೇ ವಯಸ್ಸಿನಲ್ಲಿ, ಹಣಕ್ಕಾಗಿ ನುಡಿಸುವುದನ್ನು ನಿಲ್ಲಿಸಿ ವೈಮಾರ್‌ನ ಆಸ್ಥಾನ ಸೇರಿದರು. ಅವರ ಮಹಾ ಪ್ರವಾಸಗಳ ಕಾಲ ಸುಮಾರು ಎಂಟು ವರ್ಷ. ಅದು ಒಬ್ಬ ಅಸಾಧಾರಣ ವ್ಯಕ್ತಿಯ ದಿಗ್ವಿಜಯ. ಅದನ್ನು ಇನ್ನೊಬ್ಬರು ಅನುಸರಿಸುವ ಹಾಗಿರಲಿಲ್ಲ, ಒಂದು ಜೀವಮಾನವಿಡೀ ನಡೆಸುವ ಹಾಗಂತೂ ಇರಲಿಲ್ಲ. ಕ್ಲಾರಾ ಹಾಕಿಕೊಟ್ಟ ಮಾದರಿ ಬೇರೆ. ಅವರ ಕಛೇರಿಗಳ ಅಚ್ಚಾದ ಕಾರ್ಯಕ್ರಮ ಪಟ್ಟಿಗಳು ಇಂದು ತ್ಸ್ವಿಕಾವ್‌ನ ಶೂಮನ್ ಭವನದಲ್ಲಿವೆ. ಸಂಖ್ಯೆ ಸುಮಾರು 1300. ಬಾಲ್ಯದಿಂದ ಎಪ್ಪತ್ತು ದಾಟುವವರೆಗೆ ಒಬ್ಬ ವಾದಕಿ ತನ್ನ ದುಡಿಮೆಯ ದಾಖಲೆಯನ್ನು ಹೀಗೆ ಜೋಪಾನವಾಗಿ ಕೂಡಿಟ್ಟದ್ದೇ ಆಕೆ ಅದನ್ನು ಹೇಗೆ ಕಂಡರು ಎಂಬುದಕ್ಕೆ ಸಾಕ್ಷಿ. ಒಂದು ಕಸುಬು ನೆಲೆಯಾಗುವುದು ಅದನ್ನು ಮೊದಲು ಮಾಡಿ ತೋರಿಸಿದವರಿಂದಲ್ಲ, ಚಳಿಗಾಲದ ಮೇಲೆ ಚಳಿಗಾಲ ಅದನ್ನೇ ಮಾಡಿ ಜನರಿಗೆ ಅಭ್ಯಾಸ ಹಿಡಿಸಿದವರಿಂದ ಎಂಬುದು ನನ್ನ ಎಣಿಕೆ.

ತಂದೆಯ ವಿರೋಧದ ನಡುವೆ, ನ್ಯಾಯಾಲಯದ ಅನುಮತಿ ಪಡೆದು, 1840ರ ಸೆಪ್ಟೆಂಬರ್ 12ರಂದು ಕ್ಲಾರಾ ಸ್ವರಸಂಯೋಜಕ ರಾಬರ್ಟ್ ಶೂಮನ್‌ರನ್ನು ಮದುವೆಯಾದರು. ಆ ಜಗಳದಲ್ಲಿ ಪ್ರೀತಿಯ ಪ್ರಶ್ನೆಯಷ್ಟೇ ಗಟ್ಟಿಯಾಗಿ ಗಳಿಕೆಯ ಪ್ರಶ್ನೆಯೂ ಇತ್ತು. ಮಗಳ ಕಛೇರಿಗಳಿಂದ ಬಂದ ಹಣ ಯಾರದು ಎಂಬುದು ವೀಕ್ ಎತ್ತಿದ ತಕರಾರುಗಳಲ್ಲಿ ಒಂದು. ಅದಕ್ಕೆ ಮೊದಲು, 1839ರಲ್ಲಿ, ಕ್ಲಾರಾ ತಂದೆಯಿಲ್ಲದೆ ಪ್ಯಾರಿಸ್ಸಿಗೆ ಹೋಗಿ ತಾವೇ ಓಡಾಡಿ ಕಛೇರಿ ಏರ್ಪಡಿಸಿಕೊಂಡಿದ್ದರು. ತಂದೆಯ ಕಣ್ಣಳತೆಯಲ್ಲಿ ಕಲಿತ ವ್ಯವಹಾರ ಅವರಿಲ್ಲದೆಯೂ ನಡೆಯುತ್ತದೆ ಎಂದು ಗೊತ್ತಾದದ್ದು ಅಲ್ಲಿ. ಮದುವೆಯಾದ ಮೇಲೆ ಹೊಸ ಅಡಚಣೆಗಳು ಬಂದವು. ರಾಬರ್ಟ್ ಬರೆಯಲು ಕುಳಿತಾಗ ಪಕ್ಕದ ಕೋಣೆಯ ಪಿಯಾನೊ ಮೌನವಾಗಿರಬೇಕಿತ್ತು. ಸಾಧನೆಗೆ ಸಮಯವಿಲ್ಲದ ಸಂಕಟ ದಂಪತಿ ಸೇರಿ ಬರೆದ ದಿನಚರಿಯಲ್ಲೇ ಇದೆ. 1841ರಿಂದ 1854ರ ನಡುವೆ ಎಂಟು ಮಕ್ಕಳು ಹುಟ್ಟಿದರು, ಒಂದು ಎಳೆಯದರಲ್ಲೇ ತೀರಿಕೊಂಡಿತು. ಹಾಗಿದ್ದೂ ಕಛೇರಿಗಳು ನಿಲ್ಲಲಿಲ್ಲ. 1844ರ ಚಳಿಯಲ್ಲಿ ರಷ್ಯಾಕ್ಕೆ ಹೋಗಿ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋಗಳಲ್ಲಿ ನುಡಿಸಿ ಹಣ ತಂದರು. ಗಂಡನ ಹೆಸರು ಹೊರಗೆ ಇನ್ನೂ ಹಬ್ಬಿರದ ಕಾಲದಲ್ಲಿ ಯುರೋಪ್ ಬಲ್ಲದ್ದು ಹೆಂಡತಿಯನ್ನು.

1854ರ ಫೆಬ್ರವರಿಯಲ್ಲಿ ರಾಬರ್ಟ್ ರೈನ್ ನದಿಗೆ ಹಾರಿದರು. ಬದುಕಿ ಉಳಿದ ಅವರನ್ನು ಬಾನ್ ಹತ್ತಿರದ ಎಂಡೆನಿಷ್‌ನ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಕ್ಲಾರಾ ಆಗ ಕೊನೆಯ ಮಗುವಿನ ಬಸುರಿ. ಜೂನ್‌ನಲ್ಲಿ ಮಗು ಹುಟ್ಟಿತು, ಶರತ್ಕಾಲದಲ್ಲಿ ಅವರು ಪ್ರವಾಸ ಹೊರಟರು. ಗೆಳೆಯರು ಸಹಾಯಾರ್ಥ ಕಛೇರಿ ನಡೆಸಿಕೊಡುತ್ತೇವೆಂದಾಗ, ಅಂಥದ್ದು ಬೇಕಾದರೆ ನಾನೇ ನುಡಿಸುತ್ತೇನೆ ಎಂಬ ನಿಲುವಿನಿಂದ ನಿರಾಕರಿಸಿದರು. ಗಂಡ ಆಸ್ಪತ್ರೆಯಲ್ಲಿ, ಮಕ್ಕಳು ಅಜ್ಜಿಯ ಮನೆಯಲ್ಲೋ ಕೆಲಸದವರ ಕೈಯಲ್ಲೋ ಇರುವಾಗ ಇವರು ಊರೂರು ತಿರುಗಿದರು ಎಂಬ ಆಪಾದನೆ ಆಗಲೂ ಇತ್ತು, ಆಮೇಲೂ ಬಂತು. ತಾಯಿ ದೂರವಿದ್ದ ನೋವು ಮಕ್ಕಳಿಗೆ ನಿಜವಾಗಿಯೂ ಆಗಿರಬೇಕು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಆಪಾದಿಸುವವರು ಚಿಕಿತ್ಸಾಲಯದ ವೆಚ್ಚವನ್ನೂ ಏಳು ಮಕ್ಕಳ ಊಟ, ಓದುಗಳನ್ನೂ ಯಾರು ಭರಿಸುತ್ತಿದ್ದರು ಎಂದು ಕೇಳಿಕೊಂಡಂತಿಲ್ಲ. ಇದೇ ಕೆಲಸವನ್ನು ಒಬ್ಬ ತಂದೆ ಮಾಡಿದ್ದರೆ ಅದನ್ನು ಕರ್ತವ್ಯವೆಂದೇ ಕರೆಯುತ್ತಿದ್ದರು. ರಾಬರ್ಟ್‌ರನ್ನು ನೋಡಲು ವೈದ್ಯರು ಎರಡು ವರ್ಷಕ್ಕೂ ಮೇಲೆ ಬಿಡಲಿಲ್ಲ. 1856ರ ಜುಲೈ 29ರಂದು ಅವರು ತೀರಿಕೊಳ್ಳುವ ಎರಡು ದಿನ ಮೊದಲಷ್ಟೇ ಭೇಟಿಯಾಯಿತು. ಆ ವರ್ಷದ ವಸಂತದಲ್ಲಿ ಕ್ಲಾರಾ ಇಂಗ್ಲೆಂಡಿನಲ್ಲಿ ನುಡಿಸುತ್ತಿದ್ದರು. ಮುಂದೆ ಮೂರು ದಶಕಗಳ ಕಾಲ ಇಂಗ್ಲೆಂಡು ಅವರ ಖಾಯಂ ದಾರಿಯಾಯಿತು. ಲಂಡನ್ನಿನ ಸೇಂಟ್ ಜೇಮ್ಸ್ ಸಭಾಂಗಣದಲ್ಲಿ ಕಡಿಮೆ ದರದ ಟಿಕೆಟಿನ 'ಪಾಪ್ಯುಲರ್ ಕಾನ್ಸರ್ಟ್ಸ್' 1859ರಲ್ಲಿ ಶುರುವಾದವು. ಕ್ಲಾರಾ, ಪಿಟೀಲು ವಾದಕ ಯೋವಾಖಿಮ್ ಅಂಥವರು ಅಲ್ಲಿಗೆ ಮತ್ತೆ ಮತ್ತೆ ಬರತೊಡಗಿದರು. ಲೈಪ್‌ಜಿಗ್-ಡ್ರೆಸ್ಡನ್ ರೈಲು 1839ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಜರ್ಮನಿಯಲ್ಲಿ ಹಳಿಗಳು ಹಬ್ಬಿದ್ದವು. ಕುದುರೆಗಾಡಿಯಲ್ಲಿ ದಿನಗಟ್ಟಲೆ ಕುಳಿತು ಹೋಗುತ್ತಿದ್ದ ಊರುಗಳನ್ನು ಈಗ ಒಂದೇ ವಾರದಲ್ಲಿ ನಾಲ್ಕಾರು ಮುಟ್ಟಬಹುದಿತ್ತು. ಅಕ್ಟೋಬರಿನಿಂದ ವಸಂತದವರೆಗೆ ಕಛೇರಿ, ಬೇಸಿಗೆಯಲ್ಲಿ ಬಾಡೆನ್-ಬಾಡೆನ್ ಬಳಿಯ ಮನೆಯಲ್ಲಿ ಮಕ್ಕಳು ಮತ್ತು ಸಾಧನೆ: ಈ ವಾರ್ಷಿಕ ಲಯ ರೈಲಿನ ವೇಳಾಪಟ್ಟಿ ಮತ್ತು ಮನೆಯ ಖರ್ಚು ಎರಡೂ ಸೇರಿ ಹುಟ್ಟಿಸಿದ್ದು.

ಕಾರ್ಯಕ್ರಮದ ಸ್ವರೂಪವೂ ಇದೇ ವರ್ಷಗಳಲ್ಲಿ ಗಟ್ಟಿಯಾಯಿತು. ಮೊದಲಿಗೆ ಬಾಖ್ ಅಥವಾ ಸ್ಕಾರ್ಲಾಟಿ, ಆಮೇಲೆ ಬೀಥೋವನ್‌ರ ಒಂದು ಸೊನಾಟಾ, ಕೊನೆಗೆ ಮೆಂಡೆಲ್ಸನ್, ಶೋಪಾನ್, ಶೂಮನ್. ಹೆರ್ಟ್ಸ್, ಕಾಲ್ಕ್‌ಬ್ರೆನರ್ ಮಾಯವಾದರು. ಗಂಡನ ಹೆಸರನ್ನು ಬೆಳೆಸುವುದಷ್ಟೇ ಆಕೆಯ ಗುರಿಯಾಗಿತ್ತು, ಅದಕ್ಕೆ ವೃತ್ತಿಯ ಇತಿಹಾಸ ಎಂಬ ದೊಡ್ಡ ಮಾತೇಕೆ ಎಂದು ಕೇಳುವವರಿದ್ದಾರೆ. ರಾಬರ್ಟ್‌ರ ಕೈ ಕೆಟ್ಟು ಅವರು ವೇದಿಕೆಯ ಆಸೆ ಬಿಟ್ಟಿದ್ದರು, ಅವರ ಪಿಯಾನೊ ಕೃತಿಗಳಿಗೆ ಕ್ಲಾರಾ ಅವರೇ ಕೈಯಾದರು ಎಂಬುದು ನಿಜ. 1845ರ ಡಿಸೆಂಬರಿನಲ್ಲಿ ಡ್ರೆಸ್ಡನ್‌ನಲ್ಲಿ ರಾಬರ್ಟ್‌ರ ಎ ಮೈನರ್ ಪಿಯಾನೊ ಕನ್ಸರ್ಟೊವನ್ನು ಮೊದಲು ನುಡಿಸಿದ್ದೂ ಅವರೇ. ಆದರೆ ಪಟ್ಟಿಗಳು ತೋರುವುದು ಕುರುಡು ನಿಷ್ಠೆಯನ್ನಲ್ಲ, ಎಚ್ಚರದ ಆಯ್ಕೆಯನ್ನು. ಕೇಳುಗರಿಗೆ ದಕ್ಕದೆಂದು ತೋಚಿದ ದೀರ್ಘ ಕೃತಿಗಳನ್ನು ಅವರು ವರ್ಷಗಟ್ಟಲೆ ಹಿಂದಿಟ್ಟರು, ತುಂಡು ತುಂಡಾಗಿ ರುಚಿ ಹತ್ತಿಸಿ ಆಮೇಲೆ ಪೂರ್ತಿ ಕೊಟ್ಟರು. ಬ್ರಾಮ್ಸ್ ಎಂಬ ಹೊಸ ಹೆಸರನ್ನೂ ಹಾಗೆಯೇ ಬೆಳೆಸಿದರು. ಈ ಅಧಿಕಾರಕ್ಕೆ ಇನ್ನೊಂದು ಮುಖವೂ ಇತ್ತು, ಅದು ಅಷ್ಟು ಸುಂದರವಾದದ್ದಲ್ಲ. ಲಿಸ್ಟ್ ತಮ್ಮ ಬಿ ಮೈನರ್ ಸೊನಾಟಾವನ್ನು ರಾಬರ್ಟ್‌ರಿಗೆ ಅರ್ಪಿಸಿದ್ದರೂ ಕ್ಲಾರಾಗೆ ಅದು ಬರಿಯ ಗದ್ದಲವಾಗಿ ಕೇಳಿಸಿತು. ರಾಬರ್ಟ್‌ರ ಪಿಟೀಲು ಕನ್ಸರ್ಟೊ ತಕ್ಕದ್ದಲ್ಲವೆಂದು ಬದಿಗಿಟ್ಟರು, ಅದು ಅಚ್ಚಾಗಲು 1937ರವರೆಗೆ ಕಾಯಬೇಕಾಯಿತು. ಅವರು ಚೆಲ್ಲೊಗಾಗಿ ಬರೆದಿದ್ದ ಕೆಲವು ಕಿರುಕೃತಿಗಳನ್ನು 1893ರಲ್ಲಿ ಸುಟ್ಟೇಬಿಟ್ಟರು. ಈ ನಷ್ಟವನ್ನು ಕ್ಷಮಿಸುವುದು ಕಷ್ಟ. ನುಡಿಸುವವರು ಪರರ ಕೃತಿಯ ಸೇವಕರು ಎಂದು ಹೇಳಿಕೊಂಡರೂ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬ ತೀರ್ಮಾನ ಅವರ ಕೈಗೆ ಬಂದಿತ್ತು.

ಈ ಕಸುಬಿಗೆ ಕ್ಲಾರಾ ತೆತ್ತ ಬೆಲೆ ತಮ್ಮದೇ ರಚನಾಶಕ್ತಿ. 1835ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮೆಂಡೆಲ್ಸನ್ ನಿರ್ದೇಶನದಲ್ಲಿ ಗೆವಾಂಡ್‌ಹೌಸ್‌ನಲ್ಲಿ ತಮ್ಮದೇ ಪಿಯಾನೊ ಕನ್ಸರ್ಟೊ ನುಡಿಸಿದವರು ಅವರು. 1846ರ ಪಿಯಾನೊ ಟ್ರಯೊ ಗಟ್ಟಿ ಕಟ್ಟಡದ ಕೃತಿ. 1853ರ ಒಂದೇ ಬೇಸಿಗೆಯಲ್ಲಿ ವಿಸ್ತಾರಗಳು, ರೊಮಾನ್ಸ್‌ಗಳು, ಹಾಡುಗಳು ಬಂದವು. ಗಂಡನ ಮರಣದ ನಂತರದ 40 ವರ್ಷಗಳಲ್ಲಿ ಹೆಚ್ಚೂಕಡಿಮೆ ಏನೂ ಇಲ್ಲ. ಹೆಣ್ಣು ರಚನೆಯ ಆಸೆ ಇಟ್ಟುಕೊಳ್ಳಬಾರದು ಎಂದು ಆಕೆಯೇ 1839ರ ದಿನಚರಿಯಲ್ಲಿ ಬರೆದುಕೊಂಡಿದ್ದರಲ್ಲ, ಅಂದಮೇಲೆ ಇದು ವೃತ್ತಿಯ ದೋಷವಲ್ಲ, ಆ ಕಾಲದ ನಂಬಿಕೆಯ ದೋಷ ಎನ್ನಬಹುದು. ಆದರೆ ಆ ಸಾಲುಗಳನ್ನು ಬರೆದ ಮೇಲೆಯೇ ಟ್ರಯೊ ಬಂತು, 1853ರ ಕೃತಿಗಳೂ ಬಂದವು. ನಂಬಿಕೆ ತಡೆಯಲಾರದ್ದನ್ನು ಪ್ರವಾಸದ ದುಡಿಮೆ ತಡೆಯಿತು. ಪೂರ್ತಿಯಾಗಿ ತಡೆಯಿತು ಎಂದೂ ಹೇಳಲಾಗದು. ಅಂದಿನ ವಾದಕರು ಪ್ರತಿ ಕೃತಿಗೆ ಮುಂಚೆ ಆಶುವಾಗಿ ಒಂದು ಕಿರುಪೀಠಿಕೆ ನುಡಿಸಿ ಕೇಳುಗರ ಕಿವಿಯನ್ನು ಆ ಶ್ರುತಿಗೆ ಹದಗೊಳಿಸುತ್ತಿದ್ದರು. ನಮ್ಮ ಗಾಯಕರು ಕೃತಿಗೆ ಮೊದಲು ರಾಗವನ್ನು ಸೂಕ್ಷ್ಮವಾಗಿ ತೋರಿಸುವ ಹಾಗೆ. ಕ್ಲಾರಾ ಅದನ್ನು ಕೊನೆಯವರೆಗೂ ಬಿಡಲಿಲ್ಲ. ಮಕ್ಕಳ ಒತ್ತಾಯಕ್ಕೆ 1895ರಲ್ಲಿ, ಸಾಯುವ ಹಿಂದಿನ ವರ್ಷ, ಅಂಥ ಕೆಲವನ್ನು ಬರೆದಿಟ್ಟರು. ಪಟ್ಟಿಗಳಲ್ಲಿ ಅಚ್ಚಾಗದ ಆ ಪೀಠಿಕೆಗಳಲ್ಲಿ, ಪರರ ಎರಡು ಕೃತಿಗಳ ನಡುವಿನ ಜಾಗದಲ್ಲಿ, ಅವರೊಳಗಿನ ಸ್ವರಸಂಯೋಜಕಿ ಸಂಜೆ ಸಂಜೆಯೂ ಕೆಲಸ ಮಾಡುತ್ತಲೇ ಇದ್ದರು. ಮುಂದಿನ ತಲೆಮಾರಿನ ಅಚ್ಚುಕಟ್ಟಾದ ಕಛೇರಿಯಲ್ಲಿ ಆ ಜಾಗವೂ ಮುಚ್ಚಿಹೋಯಿತು.

ದೇಹವೂ ಸುಂಕ ಕೇಳಿತು. 1870ರ ದಶಕದ ನಡುವೆ ತೋಳಿನ ನೋವಿನಿಂದ ದೀರ್ಘಕಾಲ ಕಛೇರಿ ನಿಲ್ಲಿಸಬೇಕಾಯಿತು. ನೆನಪು ಕೈಕೊಟ್ಟೀತೆಂಬ ಭಯ ವಯಸ್ಸಾದಂತೆ ಹೆಚ್ಚಿತು, ತಾವೇ ರೂಢಿಗೆ ತಂದ ಪದ್ಧತಿ ತಮಗೇ ಭಾರವಾಯಿತು. 1878ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹೊಸದಾಗಿ ತೆರೆದ ಹೋಕ್ ಸಂಗೀತಶಾಲೆ ಕರೆದಾಗ ಒಪ್ಪಿದರು, ಆದರೆ ತಮ್ಮ ಷರತ್ತುಗಳ ಮೇಲೆ: ಪಾಠ ಮನೆಯಲ್ಲಿ, ದೀರ್ಘ ರಜೆ, ಚಳಿಗಾಲದ ಪ್ರವಾಸಕ್ಕೆ ಬಿಡುವು. ಹೆಣ್ಣುಮಕ್ಕಳಾದ ಮರೀ ಮತ್ತು ಯೂಜೆನೀ ಪಾಠದಲ್ಲಿ ನೆರವಾದರು. ಸಂಗೀತಶಾಲೆಯ ಸಂಬಳ ಮತ್ತು ಕಛೇರಿಯ ಗಳಿಕೆ ಎರಡನ್ನೂ ಹೊಂದಿಸಿಕೊಂಡ ಈ ಒಪ್ಪಂದವೇ ಮುಂದೆ ಹೆಸರಾಂತ ವಾದಕರ ಬದುಕಿನ ಸಾಮಾನ್ಯ ವ್ಯವಸ್ಥೆಯಾಯಿತು. ಕೊನೆಯ ಸಾರ್ವಜನಿಕ ಕಛೇರಿ 1891ರ ಮಾರ್ಚಿನಲ್ಲಿ, ಮರಣ 1896ರ ಮೇ 20ರಂದು. ಅವರ ವಾದನದ ಧ್ವನಿಮುದ್ರಣ ಇಲ್ಲ. ಆದರೆ ಶಿಷ್ಯೆ ಫ್ಯಾನಿ ಡೇವಿಸ್ 1928ರಲ್ಲಿ ಶೂಮನ್ ಕನ್ಸರ್ಟೊವನ್ನು ಧ್ವನಿಮುದ್ರಿಸಿದರು. ಇನ್ನಿಬ್ಬರು ಶಿಷ್ಯೆಯರಾದ ಅಡಲೀನಾ ಡಿ ಲಾರಾ, ಇಲೋನಾ ಐಬೆನ್‌ಶುಟ್ಸ್ ನುಡಿಸಿದ್ದೂ ಉಳಿದಿದೆ. ಕೇಳಿದರೆ ಆ ಶಾಲೆಯ ಹಿಡಿತ ತಿಳಿಯುತ್ತದೆ: ಹಾಡುವ ನಾದ, ಅವಸರವಿಲ್ಲದ ಮಾತಿನ ಓಟ, ಪ್ರದರ್ಶನಕ್ಕೆ ಒಲ್ಲದ ಮನಸ್ಸು.

ನುಡಿಸುವವರು ಒಂದು ಕಡೆ, ಬರೆಯುವವರು ಇನ್ನೊಂದು ಕಡೆ ಎಂಬ ವಿಂಗಡಣೆ ಎಷ್ಟು ಗಟ್ಟಿಯಾಯಿತೆಂದು ತೋರಿಸುವ ಒಂದು ಬಾಳು ಮೈಸೂರಿಗೂ ತಾಗುತ್ತದೆ. ರಷ್ಯಾದ ನಿಕೊಲಾಯ್ ಮೆಟ್ನರ್ 1900ರಲ್ಲಿ ಮಾಸ್ಕೋ ಸಂಗೀತಶಾಲೆಯಿಂದ ಪಿಯಾನೊದಲ್ಲಿ ಚಿನ್ನದ ಪದಕ ಪಡೆದು ಹೊರಬಂದರು. ಎದುರಿಗೆ ತೆರೆದಿದ್ದ ಕಛೇರಿಯ ದಾರಿಯನ್ನು ಮನೆಯವರ ಅಸಮಾಧಾನದ ನಡುವೆಯೂ ಒಲ್ಲೆನೆಂದು ರಚನೆಗೆ ತಿರುಗಿದರು. 1921ರಲ್ಲಿ ರಷ್ಯಾ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ನುಡಿಸಲೇಬೇಕಾಯಿತು, ಆದರೆ ಅವರಿಗೆ ನುಡಿಸಬೇಕೆನಿಸಿದ್ದು ತಮ್ಮದೇ ಕೃತಿಗಳನ್ನು. ರಖ್ಮಾನಿನೊಫ್ ಅಂಥ ಗೆಳೆಯರ ಬೆಂಬಲವಿದ್ದೂ ಟಿಕೆಟು ಕೊಳ್ಳುವವರ ಲೋಕದಲ್ಲಿ ಅಂಥವರಿಗೆ ಸ್ಥಿರವಾದ ಜಾಗವಿರಲಿಲ್ಲ. ಲಂಡನ್ನಿನಲ್ಲಿ ಮುಪ್ಪು, ಹೃದಯರೋಗ, ಬಡತನ ಒಟ್ಟಿಗೆ ಬಂದಾಗ ಕೈಹಿಡಿದವರು ಮೈಸೂರಿನ ಜಯಚಾಮರಾಜ ಒಡೆಯರು. ಅವರು ಸ್ವತಃ ಪಿಯಾನೊ ಕಲಿತು ಲಂಡನ್ನಿನ ಸಂಗೀತ ಪರೀಕ್ಷೆಗಳನ್ನು ಕಟ್ಟಿದ್ದವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದವರು. ಅವರ ಹಣದಿಂದ 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿ ಕಂಪನಿ ಫಿಲ್‌ಹಾರ್ಮೊನಿಯಾ ಆರ್ಕೆಸ್ಟ್ರಾದೊಂದಿಗೆ ಮೆಟ್ನರ್ ನುಡಿಸಿದ ಅವರದೇ ಮೂರು ಕನ್ಸರ್ಟೊಗಳನ್ನು ಧ್ವನಿಮುದ್ರಿಸಿತು. ಮೂರನೆಯದನ್ನು ಅವರು ಮಹಾರಾಜರಿಗೆ ಅರ್ಪಿಸಿದರು. ಇದನ್ನು ಹೇಳಿ ಅರಮನೆಯ ಆಶ್ರಯವೇ ಮೇಲು ಎಂದು ಸಾಧಿಸಬೇಕಿಲ್ಲ. ಕ್ಲಾರಾ ಕಟ್ಟಿದ ಕಸುಬು ಸಾವಿರಾರು ಕಲಾವಿದರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಯಾವ ದೊರೆಯ ಹಂಗೂ ಇಲ್ಲದೆ ತಲೆಯೆತ್ತಿ ಬಾಳುವ ಹಾದಿ ತೆರೆಯಿತು. ಆದರೆ ಬರೆಯುವ ಕೈ ಮತ್ತು ನುಡಿಸುವ ಕೈ ಒಂದೇ ಆಗಿದ್ದವರಿಗೆ, ಹದಿನಾರನೇ ವಯಸ್ಸಿನ ಕ್ಲಾರಾ ಅಂಥವರಿಗೆ, ಆ ಕಸುಬಿನೊಳಗೆ ಎಡೆ ಕಿರಿದಾಗುತ್ತಲೇ ಹೋಯಿತು.